ಲ್ಯಾಬ್ ಸರ್ವರ್‌ನಲ್ಲಿ ಸುಡೋ ಪಿಪ್ ಬೇಡ

ಲ್ಯಾಬ್‌ನ ಡೆಬಿಯನ್ ಲಿನಕ್ಸ್ ಸರ್ವರ್‌ನಲ್ಲಿ ಎಲ್ಲರಿಗೂ ನಂಪೈ, ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಗಳು ಬೇಕು, ಒಂದೇ ಸಲ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಹಾಕಿ ಪಿಪ್ (ಪೈಥಾನ್ ಲೈಬ್ರರಿ ಹಾಕುವ ಟೂಲ್) ಇನ್‌ಸ್ಟಾಲ್ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸಿಸ್ಟಮ್‌ನ ಕೆಲವು ಟೂಲ್‌ಗಳೂ ಅದೇ ಪೈಥಾನ್ ಬಳಸುತ್ತವೆ, ಒಂದು ಲೈಬ್ರರಿಯ ವರ್ಷನ್ ಬದಲಾದರೂ ಅವು ಕೈಕೊಡಬಹುದು. 2023ರಲ್ಲಿ ಬಂದ ಡೆಬಿಯನ್ 12ರಿಂದ ಸಿಸ್ಟಮ್‌ನ ಪೈಥಾನ್‌ಗೆ ಹೀಗೆ ಇನ್‌ಸ್ಟಾಲ್ ಮಾಡುವುದನ್ನು ಪಿಪ್ ತಾನೇ ತಡೆಯುತ್ತದೆ, ಆ ತಡೆ ಮೀರುವ ಆಪ್ಷನ್ ಹಾಕಲೇಬೇಡಿ.

ಅದರ ಬದಲು /opt ಫೋಲ್ಡರ್‌ನಲ್ಲಿ ಒಂದು ವೆನ್ವ್ (ಸಿಸ್ಟಮ್‌ನದರಿಂದ ಬೇರೆಯಾದ, ಲೈಬ್ರರಿಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ಪೈಥಾನ್ ಫೋಲ್ಡರ್) ಮಾಡಿ, ಲೈಬ್ರರಿಗಳನ್ನು ಅದರಲ್ಲಿ ಹಾಕಿ. ಬರೆಯುವ ಅನುಮತಿ ಅಡ್ಮಿನ್‌ಗೆ ಮಾತ್ರ ಇರಲಿ, ಉಳಿದವರು ಓದಿದರೆ, ಓಡಿಸಿದರೆ ಸಾಕು. ಹೊಸ ವರ್ಷನ್ ಬೇಕಾದಾಗ ಹಳೆಯದನ್ನು ಮುಟ್ಟದೆ ಪಕ್ಕದಲ್ಲೇ ಇನ್ನೊಂದು ವೆನ್ವ್ ಮಾಡಿ, ಯಾರದೋ ಥೀಸಿಸ್ ಕೆಲಸ ಸುಮ್ನೆ ಅರ್ಧದಲ್ಲಿ ನಿಲ್ಲಬಾರದು ಅಲ್ವಾ? ಹೆಸರು ಮೊದಲೇ ಯೋಚಿಸಿ ಇಡಿ, ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಆ ಫೋಲ್ಡರ್‌ನ ಪೂರ್ತಿ ಪಾತ್ (ವಿಳಾಸ) ಇರುತ್ತದೆ, ಆಮೇಲೆ ಫೋಲ್ಡರ್ ಹೆಸರು ಬದಲಿಸಿದರೆ ಅವು ಓಡುವುದಿಲ್ಲ.