ಥಾರ್ ಮರುಭೂಮಿಯಲ್ಲಿ ಇಬ್ಬರ ಕಮ್ಮಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ವರ್ಷಕ್ಕೊಮ್ಮೆ ಒಬ್ಬ ಸ್ನೇಹಿತರ ಜೊತೆ ರಾಜಸ್ಥಾನದ ಮರುಭೂಮಿಗೆ ಹೋಗಿ, ಒಂದು ವಾರ ಕೂತು ಬರೆಯುವ, ಚಿತ್ರ ಮಾಡುವ, ಧ್ವನಿ ಮುದ್ರಿಸುವ ಬಗ್ಗೆ ಹಲವು ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಹುಬ್ಬಳ್ಳಿಯಿಂದ ಒಬ್ಬ ಓದುಗರು: ನಾವಿಬ್ಬರು ಗೆಳೆಯರು ಬರೆಯುವ ಕೆಲಸಕ್ಕಾಗಿ ಜೈಸಲ್ಮೇರ್ ಕಡೆ ಹೋಗಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? ಸಮ್ ದಿಬ್ಬಗಳ ಬಳಿ ಟೆಂಟ್ ಹಿಡಿಯಬಹುದೇ?

ನವೆಂಬರ್ ನಡುವಿನಿಂದ ಡಿಸೆಂಬರ್ 20ರ ಒಳಗೆ ಹೋಗಿ. ಆಗ ಹಗಲು ಹಿತವಾಗಿರುತ್ತದೆ, ರಾತ್ರಿ ಒಂದು ರಜಾಯಿ ಸಾಕಾಗುವಷ್ಟು ಚಳಿ. ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 8 ಡಿಗ್ರಿಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಬೆಳಗಿನ ಜಾವ ಪೆನ್ನು ಹಿಡಿಯಲು ಬೆರಳು ಬಗ್ಗುವುದಿಲ್ಲ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನೂ ಮಾಘ ಹುಣ್ಣಿಮೆಯ ಹೊತ್ತಿಗೆ ನಡೆಯುವ ಮರು ಉತ್ಸವದ ದಿನಗಳನ್ನೂ ಬಿಟ್ಟುಬಿಡಿ. ಕೋಣೆ ಸಿಗುವುದು ಕಷ್ಟ, ಮೌನ ಸಿಗುವುದು ಇನ್ನೂ ಕಷ್ಟ.

ಸಮ್ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಆ ದಿಬ್ಬಗಳ ಸಾಲಿನಲ್ಲಿ ಟೆಂಟ್ ಶಿಬಿರಗಳು ಒತ್ತೊತ್ತಾಗಿವೆ. ಸಂಜೆಯಾದರೆ ಧ್ವನಿವರ್ಧಕ, ಹಗಲಿಗೆ ಜೀಪಿನ ಸದ್ದು. ಮರಳುಗಾಡಿನಲ್ಲಿ ಶಬ್ದ ರಾತ್ರಿ ಇನ್ನೂ ದೂರ ಸಾಗುತ್ತದೆ. ನೆಲ ಬೇಗ ತಣ್ಣಗಾಗಿ, ಅದರ ಮೇಲಿನ ಗಾಳಿ ತಂಪಾಗಿ, ಎತ್ತರದ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ಮೇಲೇರಿದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಎರಡು ಮೂರು ಕಿಲೋಮೀಟರ್ ಆಚೆಯ ಜನರೇಟರು ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳುವುದು ಇದರಿಂದಲೇ.

ನಗರದ ನೈಋತ್ಯಕ್ಕೆ ಸುಮಾರು 45 ಕಿ.ಮೀ. ದೂರದ ಖುರಿಯಲ್ಲಿ ಅಥವಾ ಅದರ ಆಚೀಚಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಕೋಣೆಗಳಿರುವ ಮನೆ ಹುಡುಕಿ. ಟೆಂಟಿಗಿಂತ ಮಣ್ಣಿನ ಕೋಣೆ ಮೇಲು: ಗಾಳಿಗೆ ಬಡಿದುಕೊಳ್ಳುವುದಿಲ್ಲ, ರಾತ್ರಿ ಬೇಗ ತಣ್ಣಗಾಗುವುದಿಲ್ಲ. ಕಾದಿರಿಸುವಾಗ ಮೂರು ಪ್ರಶ್ನೆ ಕೇಳಿ. ಪಕ್ಕದ ಶಿಬಿರ ಎಷ್ಟು ದೂರ? ಸಂಜೆ ಸ್ಪೀಕರ್ ಹಾಕುತ್ತಾರೆಯೇ? ಇಬ್ಬರಿಗೆ ಎರಡು ಬೇರೆ ಮೇಜು ಕೊಡಬಲ್ಲಿರಾ? ಮೂರನೆಯದನ್ನು ಕೇಳದೆ ಹೋದವರು ವಾರವಿಡೀ ಮಂಚದ ಮೇಲೆ ಕೂತು ಬರೆದು ಬೆನ್ನುನೋವು ತಂದುಕೊಳ್ಳುತ್ತಾರೆ.

ಹುಬ್ಬಳ್ಳಿ ಮಾರ್ಗವಾಗಿ ಹೋಗುವ ಬೆಂಗಳೂರು–ಜೋಧ್‌ಪುರ ರೈಲು ನಿಮಗೆ ಅನುಕೂಲ. ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಇನ್ನೂ ಐದಾರು ಗಂಟೆ. ಇಳಿದ ದಿನ ಕೆಲಸದ ಲೆಕ್ಕ ಇಟ್ಟುಕೊಳ್ಳಬೇಡಿ.

ಗಡಿಯಾರದ ವಿಷಯ ಗಮನದಲ್ಲಿರಲಿ. ಡಿಸೆಂಬರ್ ಮೊದಲ ವಾರದಲ್ಲಿ ಜೈಸಲ್ಮೇರ್‌ನಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಬೆಂಗಳೂರಿನ ಹೊತ್ತಿಗೇ, ಸಂಜೆ 5.50ರ ಸುಮಾರಿಗೆ. ಹುಟ್ಟುವುದು ಮಾತ್ರ ಸುಮಾರು ಒಂದು ಗಂಟೆ ತಡ, 7.20ರ ಆಸುಪಾಸು. ಐದಕ್ಕೇ ಏಳುವ ರೂಢಿಯವರಿಗೆ ಸುಮಾರು ಎರಡು ಗಂಟೆಯ ಕತ್ತಲು ಸಿಗುತ್ತದೆ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ತಲೆಗೆ ಕಟ್ಟುವ ಟಾರ್ಚು ಒಯ್ಯಿರಿ.

ಮೈಸೂರಿನಿಂದ ಒಬ್ಬ ಕಥೆಗಾರ್ತಿ: ಗೆಳತಿ ಚಿತ್ರ ಬರೆಯುತ್ತಾಳೆ, ನಾನು ಕಥೆ. ಕಳೆದ ವರ್ಷ ಹೋದಾಗ ನಾಲ್ಕು ದಿನ ಮಾತಿನಲ್ಲೇ ಕಳೆದು, ಐದನೆಯ ದಿನ ಒಬ್ಬರ ಮೇಲೊಬ್ಬರು ಮುನಿಸಿಕೊಂಡೆವು. ಈ ಸಲ ಏನು ಬದಲಿಸಬೇಕು?

ಮಾತು ಹೆಚ್ಚಾಗಿದ್ದು ಸ್ನೇಹದ ತಪ್ಪಲ್ಲ, ಮಾತಿಗೆ ಹೊತ್ತು ಗೊತ್ತುಮಾಡದೇ ಇದ್ದ ತಪ್ಪು. ಎದ್ದಾಗಿನಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಇಬ್ಬರೂ ಮಾತಾಡುವುದಿಲ್ಲ ಎಂದು ಊರಲ್ಲೇ ಒಪ್ಪಂದ ಮಾಡಿಕೊಂಡು ಹೊರಡಿ. ಚಹಾ ಬೇಕೇ ಎಂಬ ಪ್ರಶ್ನೆಯೂ ಬೇಡ. ಚಹಾ ಎಷ್ಟು ಹೊತ್ತಿಗೆ ಬರಬೇಕೆಂದು ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿಡಿ. ಕೂರುವ ಜಾಗಗಳ ನಡುವೆ ಕನಿಷ್ಠ ಇನ್ನೂರು ಹೆಜ್ಜೆ ಇರಲಿ. ಒಬ್ಬರಿಗೆ ಇನ್ನೊಬ್ಬರು ಕಾಣಿಸುತ್ತಿದ್ದರೆ "ಅವಳು ಎಷ್ಟು ಮಾಡಿದಳು" ಎಂಬ ಲೆಕ್ಕ ತಾನಾಗಿ ಶುರುವಾಗುತ್ತದೆ.

ಏಳು ದಿನಕ್ಕಿಂತ ಕಡಿಮೆ ಬೇಡ. ಮೊದಲ ದಿನ ದಣಿವು ಆರಲು, ಕೊನೆಯ ದಿನ ಗಂಟು ಕಟ್ಟಲು. ನಡುವೆ ಉಳಿಯುವ ಐದು ದಿನವೇ ಕೆಲಸದವು. ಒಯ್ಯುವ ಕೆಲಸ ಸಣ್ಣದಾಗಿ, ಗುರುತಿಸಬಲ್ಲದ್ದಾಗಿ ಇರಲಿ. "ಕಾದಂಬರಿ ಬರೆಯುತ್ತೇನೆ" ಎಂದು ಹೋದವರು ಮೂರನೆಯ ದಿನಕ್ಕೆ ಕುಸಿಯುತ್ತಾರೆ. "ಈ ಕಥೆಯ ಎರಡನೆಯ ಅರ್ಧ, ತಾಯಿ ಮನೆಗೆ ಮರಳುವ ಭಾಗ" ಎಂದು ಹೋದವರು ಮುಗಿಸಿ ಬರುತ್ತಾರೆ.

ಮುನಿಸು ಹುಟ್ಟುವುದು ಸಾಮಾನ್ಯವಾಗಿ ಹಸಿ ಕೆಲಸವನ್ನು ತಿದ್ದಲು ಹೊರಟಾಗ. ಸಂಜೆ ನಲವತ್ತು ನಿಮಿಷ ಮಾತ್ರ ಹಂಚಿಕೊಳ್ಳಿ, ತಲಾ ಇಪ್ಪತ್ತು. ಕೇಳುವವರು ಎರಡೇ ಸಂಗತಿ ಹೇಳಬೇಕು: ಯಾವುದು ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ದಾರಿ ತಪ್ಪಿತು. "ಹೀಗೆ ಮಾಡಬಹುದಿತ್ತು" ಎಂಬ ಮಾತನ್ನು ಆರನೆಯ ದಿನಕ್ಕೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಕೆಲಸಕ್ಕೆ ಬೆನ್ನೆಲುಬು ಬಂದಿರುತ್ತದೆ, ತಿದ್ದುವ ಮಾತನ್ನು ತಾಳಿಕೊಳ್ಳುತ್ತದೆ.

ಮೂರನೆಯ ಮಧ್ಯಾಹ್ನ ಇಬ್ಬರಿಗೂ ಬೇಸರ ಬಂದೇ ಬರುತ್ತದೆ. ಹೊಸ ಜಾಗದ ಬೆರಗು ಆರಿರುತ್ತದೆ, ಕೆಲಸ ಇನ್ನೂ ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಆ ಅರ್ಧ ದಿನವನ್ನು ಮೊದಲೇ ಬಿಡುವು ಎಂದು ಬರೆದಿಡಿ. ಬಾಡ್ಮೇರ್ ರಸ್ತೆಯಲ್ಲಿ ಜೈಸಲ್ಮೇರ್‌ನಿಂದ 17 ಕಿ.ಮೀ. ದೂರದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಕಾಡಿನ ಮರಗಳು ಕಲ್ಲಾಗಿ ಬಿದ್ದಿವೆ. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಕುಲಧರಾ ಊರು ಇನ್ನೊಂದು ದಿಕ್ಕಿನಲ್ಲಿದೆ. ಎರಡರಲ್ಲಿ ಒಂದನ್ನು ನೋಡಿ, ಕತ್ತಲಾಗುವ ಮೊದಲು ಮರಳಿ. ಎರಡನ್ನೂ ನೋಡಲು ಹೊರಟರೆ ಅದು ಪ್ರವಾಸವಾಗುತ್ತದೆ.

ಅಡುಗೆಯನ್ನು ಸರದಿಯ ಮೇಲೆ ಮಾಡಿಕೊಳ್ಳಬೇಡಿ, ಬೆಳಗು ಹಾಳಾಗುತ್ತದೆ. ಮನೆಯವರಿಗೇ ಹಣ ಕೊಟ್ಟು ಊಟ ಒಪ್ಪಿಸಿ. ಸಜ್ಜೆ ರೊಟ್ಟಿ ನಮಗೆ ಹೊಸದಲ್ಲ. ಜೊತೆಗೆ ಬಡಿಸುವ ಸಾಂಗ್ರಿ ಪಲ್ಯ ಖೇಜ್ಡಿ ಮರದ ಕಾಯಿ, ಎಂದರೆ ನಾವು ದಸರೆಗೆ ಎಲೆ ಹಂಚಿಕೊಳ್ಳುವ ಬನ್ನಿಯದೇ. ಅಲ್ಲಿಯೂ ಅದು ಪೂಜ್ಯ. 1730ರಲ್ಲಿ ಜೋಧ್‌ಪುರದ ಬಳಿಯ ಖೇಜರ್ಲಿಯಲ್ಲಿ ಈ ಮರಗಳನ್ನು ಉಳಿಸಲು ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟರು. ಚಳಿ ಕಾಯಿಸಲು ರೆಂಬೆ ಮುರಿಯುವ ಯೋಚನೆಯೇ ಬೇಡ, ಸೌದೆ ಬೇಕಾದರೆ ಮನೆಯವರಿಂದ ಕೊಳ್ಳಿ.

ಮಂಗಳೂರಿನಿಂದ ಒಬ್ಬ ಜಲವರ್ಣ ಕಲಾವಿದ: ಊರಲ್ಲಿ ಚೆನ್ನಾಗಿ ಬರುವ ವಾಶ್ (ನೀರಾದ ಬಣ್ಣದ ಅಗಲ ಲೇಪ) ಅಲ್ಲಿ ಪಟ್ಟೆಪಟ್ಟೆಯಾಗುತ್ತದೆ. ಒಣಗಿದ ಮೇಲೆ ಬಿಳಿ ಚುಕ್ಕೆ ಬರುತ್ತವೆ. ಬಣ್ಣವೇ ಕೆಟ್ಟಿದೆಯೇ?

ಬಣ್ಣ ಸರಿಯಾಗಿದೆ, ಗಾಳಿ ಬೇರೆ. ಕರಾವಳಿಯ ತೇವದಲ್ಲಿ ಹತ್ತು ನಿಮಿಷ ಹಸಿಯಾಗಿರುವ ಕಾಗದ ಥಾರ್‌ನ ಮಧ್ಯಾಹ್ನದಲ್ಲಿ ಒಂದೆರಡು ನಿಮಿಷಕ್ಕೇ ಒಣಗುತ್ತದೆ. ಕುಂಚ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ಅಂಚು ಗಟ್ಟಿಯಾಗಿ ಗೆರೆ ಬೀಳುತ್ತದೆ.

ಮೊದಲು ಹೊತ್ತು ಬದಲಿಸಿ. ಬೆಳಿಗ್ಗೆ 7.30ರಿಂದ 10ರವರೆಗೆ ಗಾಳಿ ತಣ್ಣಗೆ, ಇದ್ದುದರಲ್ಲಿ ತೇವವಾಗಿ, ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ದೊಡ್ಡ ವಾಶ್‌ಗಳೆಲ್ಲ ಆಗಲೇ ಮುಗಿಯಲಿ. ಕಾಗದ 300 ಜಿಎಸ್‌ಎಂ ಹತ್ತಿಯದು, ಅಳತೆ 15×20 ಸೆಂ.ಮೀ. ಮೀರದಿರಲಿ. ಕಾಗದದ ಎರಡೂ ಬದಿಗೆ ನೀರು ಹಚ್ಚಿ, ಎರಡು ನಿಮಿಷ ಬಿಟ್ಟು, ನೀರು ಹೀರದ ಅಕ್ರಿಲಿಕ್ ಹಲಗೆಯ ಮೇಲೆ ಅಂಟಿಸಿದಂತೆ ಮಲಗಿಸಿ. ಹಿಂಬದಿಯ ನೀರು ಆರಲು ದಾರಿಯಿಲ್ಲದೆ ಮೇಲ್ಮೈಗೆ ತೇವ ಕೊಡುತ್ತಲೇ ಇರುತ್ತದೆ. ಮರದ ಹಲಗೆಯಾದರೆ ಆ ನೀರನ್ನು ಅದೇ ಕುಡಿದುಬಿಡುತ್ತದೆ. ಮಾಮೂಲಿಗಿಂತ ಎರಡು ಅಳತೆ ದೊಡ್ಡ ಕುಂಚ ಹಿಡಿಯಿರಿ.

100 ಮಿ.ಲೀ. ನೀರಿಗೆ ಎರಡು ಮೂರು ಹನಿ ಗ್ಲಿಸರಿನ್ ಸೇರಿಸಿದರೆ ಒಣಗುವುದು ನಿಧಾನವಾಗುತ್ತದೆ. ಅದಕ್ಕಿಂತ ಹೆಚ್ಚು ಹಾಕಬೇಡಿ. ಗ್ಲಿಸರಿನ್ ತೇವ ಎಳೆದುಕೊಳ್ಳುವ ವಸ್ತು. ಅಲ್ಲಿ ಚೆನ್ನಾಗಿ ಒಣಗಿದ ಚಿತ್ರ ಮಂಗಳೂರಿಗೆ ಬಂದು ಮಳೆಗಾಲ ಹತ್ತಿದೊಡನೆ ಅಂಟಂಟಾಗಿ, ಬೂಸು ಹಿಡಿಯುತ್ತದೆ.

ಬಿಳಿ ಚುಕ್ಕೆ ಉಪ್ಪಿನದು. ಆ ಭಾಗದ ಬಾವಿ, ಕೊಳವೆಬಾವಿಗಳ ನೀರು ಬಹಳ ಕಡೆ ಸವಳು. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಬಣ್ಣವನ್ನು ಪಕ್ಕಕ್ಕೆ ತಳ್ಳುತ್ತದೆ. ಕುಡಿಯಲು ತಂದ ನೀರನ್ನೇ ಚಿತ್ರಕ್ಕೂ ಬಳಸಿ, ದಿನಕ್ಕೆ ಅರ್ಧ ಲೀಟರ್ ಸಾಕು. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ ಇಬ್ಬರಿಗೆ ಏಳು ದಿನಕ್ಕೆ 56 ಲೀಟರ್. 20 ಲೀಟರಿನ ಮೂರು ಕ್ಯಾನ್ ತಂದರೆ ಬಣ್ಣದ ನೀರೂ ಅದರಲ್ಲೇ ಆಗುತ್ತದೆ.

ದಿಬ್ಬ ಬರೆಯುವಾಗ ಒಂದು ಮಾತು. ಗಾಳಿ ಬೀಸುವ ಬದಿ ಇಳಿಜಾರು ಉದ್ದವಾಗಿ, ನಿಧಾನವಾಗಿರುತ್ತದೆ. ಮರಳು ಜಾರಿ ಬೀಳುವ ಬದಿ ಕಡಿದು, ಹೆಚ್ಚೆಂದರೆ 34 ಡಿಗ್ರಿ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲುವುದಿಲ್ಲ. ಎರಡೂ ಬದಿ ಒಂದೇ ರೀತಿ ಬರೆದ ಕೂಡಲೇ ಅದು ಮರಳಿನ ದಿಬ್ಬವಲ್ಲ, ಬರೀ ಗುಡ್ಡ. ಥಾರ್‌ನಲ್ಲಿ ಮರಳು ಸಾಗಿಸುವ ಮುಖ್ಯ ಗಾಳಿ ಬೇಸಿಗೆ, ಮುಂಗಾರಿನ ನೈಋತ್ಯದ್ದು, ಆದ್ದರಿಂದ ಕಡಿದಾದ ಮುಖ ಸಾಮಾನ್ಯವಾಗಿ ಈಶಾನ್ಯಕ್ಕೆ. ಚಳಿಗಾಲದ ಸೂರ್ಯ ನೈಋತ್ಯದಲ್ಲಿ ಮುಳುಗುವಾಗ ಆ ಮುಖ ಪೂರ್ತಿ ನೆರಳು. ಸಂಜೆ ನಾಲ್ಕೂವರೆಯಿಂದ ದಿಬ್ಬದ ಈಶಾನ್ಯಕ್ಕೆ ಕೂತವರಿಗೆ ಬೆಳಕು ನೆರಳಿನ ಗೆರೆ ಚಾಕುವಿನಿಂದ ಕೊಯ್ದಂತೆ ಸಿಗುತ್ತದೆ. ಆ ನೆರಳಿಗೆ ಕಪ್ಪು ಬೆರೆಸಬೇಡಿ. ಅದನ್ನು ಬೆಳಗುವುದು ಆಕಾಶ, ಆದ್ದರಿಂದ ಅದು ನೀಲಿ. ಎದುರಿಗೆ ಬಿಸಿಲು ಬಿದ್ದ ಮರಳಿದ್ದರೆ ಬುಡದಲ್ಲಿ ಮಾತ್ರ ತುಸು ಕೆಂಪು ಮರುಬಣ್ಣ.

ಶಿವಮೊಗ್ಗದಿಂದ: ಕ್ಯಾಮೆರಾದ ಜೂಮ್ ಲೆನ್ಸ್ ಮರಳು ತಿಂದು ಸಿಕ್ಕಿಹಾಕಿಕೊಂಡಿತು. ಮುಂದಿನ ಸಲ ಹೇಗೆ ಕಾಪಾಡುವುದು?

ಹಿಂದೆ ಮುಂದೆ ಚಾಚಿಕೊಳ್ಳುವ ಲೆನ್ಸ್ ಪಂಪಿನಂತೆ ಗಾಳಿ ಎಳೆದುಕೊಳ್ಳುತ್ತದೆ, ಅದರೊಡನೆ ದೂಳನ್ನೂ. ಚಾಚಿಕೊಳ್ಳದ ಒಂದೇ ಲೆನ್ಸ್ ಹಾಕಿಕೊಂಡು ಹೋಗಿ, ಅದನ್ನು ಕೋಣೆಯಲ್ಲಿ ಮಾತ್ರ ಬದಲಿಸಿ. ಗಾಜಿನ ಮೇಲಿನ ಮರಳನ್ನು ಬಟ್ಟೆಯಿಂದ ಒರೆಸಲೇಬಾರದು. ಮರಳಿನ ಕ್ವಾರ್ಟ್ಸ್ ಗಾಜಿಗಿಂತ ಗಟ್ಟಿ, ಒರೆಸಿದರೆ ಗೀಚುತ್ತದೆ. ರಬ್ಬರ್ ಬ್ಲೋಯರ್‌ನಿಂದ ಊದಿ, ಲೆನ್ಸ್ ಕೆಳಮುಖವಾಗಿರಲಿ. ಟ್ರೈಪಾಡಿನ ತೀರಾ ಕೆಳಗಿನ ಕಾಲನ್ನು ಮೊದಲು ಒಂದು ಗೇಣು ಎಳೆದುಕೊಳ್ಳಿ, ಆಗ ತಿರುಪಿನ ಕೀಲು ಮರಳಿನಲ್ಲಿ ಹೂಳುವುದಿಲ್ಲ. ಮೊಬೈಲಿನ ಚಾರ್ಜಿಂಗ್ ತೂತಿಗೆ ಟೇಪ್ ತುಂಡು ಸಾಕು. 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್‌ಅವರ್, ವಿಮಾನದ 100ರ ಮಿತಿಯೊಳಗೇ ಇದೆ. ಕೈಚೀಲದಲ್ಲೇ ಒಯ್ಯಬೇಕು.

ಧಾರವಾಡದಿಂದ ಒಬ್ಬ ಸಂಗೀತಾಸಕ್ತರು: ಮಾಂಗಣಿಯಾರ್ ಹಾಡುಗಾರರನ್ನು ಮುದ್ರಿಸಿಕೊಂಡು ನಮ್ಮ ಕೃತಿಯಲ್ಲಿ ಬಳಸಬಹುದೇ?

ಕೇಳಿ, ಒಪ್ಪಿಸಿ, ಹಣ ಕೊಟ್ಟು ಮುದ್ರಿಸಿ. ಕೇಳುವ ಸಂಭಾವನೆ ಬೇರೆ, ಮುಂದೆ ಬಳಸುವ ಸಂಭಾವನೆ ಬೇರೆ. ಎರಡನ್ನೂ ಕೂರುವ ಮೊದಲೇ ಮಾತಾಡಿ, ಒಂದು ಹಾಳೆಯಲ್ಲಿ ಅವರ ಭಾಷೆಯಲ್ಲೇ ಬರೆದುಕೊಳ್ಳಿ. ಇದು ತಲೆಮಾರುಗಳಿಂದ ಯಜಮಾನರ ಮನೆಗಳ ಮದುವೆ, ಹೆರಿಗೆಗಳಲ್ಲಿ ಹಾಡಿ ಬದುಕಿದ ಸಮುದಾಯದ ಜೀವನೋಪಾಯ. ಜಾನಪದ ವಿದ್ವಾಂಸ ಕೋಮಲ್ ಕೋಠಾರಿ 1960ರಲ್ಲಿ ಕಥೆಗಾರ ವಿಜಯದಾನ್ ದೇಥಾ ಅವರೊಡನೆ ರೂಪಾಯನ ಸಂಸ್ಥಾನ ಕಟ್ಟಿ ಈ ಹಾಡುಗಳನ್ನು ದಾಖಲಿಸಿದರು. ಹಮೀರಾ ಹಳ್ಳಿಯ ಸಾಕರ್ ಖಾನ್ ಅವರಿಗೆ ಕಮಾಯಿಚಾ ಎಂಬ ಕಮಾನು ವಾದ್ಯದ ವಾದನಕ್ಕಾಗಿ 2012ರಲ್ಲಿ ಪದ್ಮಶ್ರೀ ಬಂತು. ಹೋಗುವ ಮುನ್ನ ಅವರ ವಾದನದ ಧ್ವನಿಮುದ್ರಣ ಕೇಳಿ ಹೋಗಿ, ಏನನ್ನು ಕೇಳಬೇಕೆಂದು ಕಿವಿಗೆ ಗೊತ್ತಾಗುತ್ತದೆ.

ಕಮಾಯಿಚಾದ ಹೊಟ್ಟೆ ಮರದ್ದು, ಮೇಲೆ ಆಡಿನ ಚರ್ಮ. ಚಳಿಗೆ ಚರ್ಮ, ತಂತಿ ಎರಡೂ ಬದಲಾಗುತ್ತವೆ, ಶ್ರುತಿ ಕೂರಿಸಲು ವಾದಕರಿಗೆ ಅರ್ಧ ಗಂಟೆ ಬಿಡಿ. ಮೈಕು ವಾದ್ಯದಿಂದ ಒಂದು ಮೀಟರ್ ದೂರವಿರಲಿ. ಖರ್ತಾಲ್ (ಕೈಯಲ್ಲಿ ಬಡಿಯುವ ಮರದ ಪಟ್ಟಿಗಳು) ನುಡಿಸುವವರನ್ನು ಪಕ್ಕಕ್ಕೆ, ಎರಡು ಮೀಟರ್ ಆಚೆ ಕೂರಿಸಿ, ಅದರ ಚೂಪು ಸದ್ದು ಉಳಿದೆಲ್ಲವನ್ನೂ ಮುಚ್ಚುತ್ತದೆ. ಮುದ್ರಣದ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಿರಲಿ. ಬಯಲಲ್ಲಾದರೆ ಸ್ಪಂಜಿನ ಕವಚ ಸಾಲದು, ತುಪ್ಪಳದ ಕವಚ ಬೇಕು. ಜೊತೆಗೆ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಗುಂಡಿ ಒತ್ತಿ. ಹಾಡು ಮುಗಿದ ಮೇಲೆ ಆ ಜಾಗದ ಬರೀ ಮೌನವನ್ನು ಅರ್ಧ ನಿಮಿಷ ಮುದ್ರಿಸಿ. ಸಂಕಲನದಲ್ಲಿ ಜೋಡಣೆಯ ಬಿರುಕು ಮುಚ್ಚಲು ಅದೇ ಬೇಕಾಗುತ್ತದೆ.

ನ್ಯೂಜೆರ್ಸಿಯಿಂದ ಒಬ್ಬ ಕನ್ನಡಿಗರು: ನನಗೆ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದೆ. ಅನುಮತಿ ಬೇಕೇ?

ಜೈಸಲ್ಮೇರ್ ನಗರಕ್ಕೆ ಬೇಡ. ಗಡಿಯತ್ತ ನಿರ್ಬಂಧಿತ ಪ್ರದೇಶಕ್ಕೆ ಕಾರ್ಡ್ ಇದ್ದರೂ ಬೇಕು. ಹಳ್ಳಿ ಗೊತ್ತುಮಾಡುವ ಮುನ್ನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹಳ್ಳಿಯ ಹೆಸರು ಹೇಳಿ ವಿಚಾರಿಸಿ. ಅಮೆರಿಕದಲ್ಲಿ ಚಾರಣಕ್ಕೆ ಬಳಸುವ ಉಪಗ್ರಹ ಸಂದೇಶ ಸಾಧನವನ್ನು ದಯವಿಟ್ಟು ತರಬೇಡಿ. ಪರವಾನಗಿಯಿಲ್ಲದೆ ಭಾರತದಲ್ಲಿ ಅದು ಅಪರಾಧ. ಡ್ರೋನ್ ಕೂಡ ಬೇಡ. ಸುತ್ತಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೊನೆಯ ದೊಡ್ಡ ನೆಲೆ. ನಮ್ಮ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿ ಇದೇ.

ತುಮಕೂರಿನಿಂದ: ಮೂರು ವರ್ಷದಿಂದ ಒಂದೇ ಹಳ್ಳಿಗೆ ಹೋಗುತ್ತಿದ್ದೇವೆ. ನಾಲ್ಕನೆಯ ಸಲ ಜಾಗ ಬದಲಿಸೋಣವೇ?

ಬೇಡ. ಹೊಸ ಜಾಗವೆಂದರೆ ನೀರು, ಮೇಜು, ದಾರಿ, ಸದ್ದು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೊಂದಿಸಬೇಕು, ಐದು ಕೆಲಸದ ದಿನಗಳಲ್ಲಿ ಎರಡು ಅದಕ್ಕೇ ಹೋಗುತ್ತವೆ. ಬದಲಿಸಬೇಕಾದ್ದು ಕೆಲಸವನ್ನು. ಕಥೆ ಬರೆದವರು ಈ ಸಲ ಅನುವಾದ ಒಯ್ಯಲಿ, ಚಿತ್ರ ಮಾಡಿದವರು ಇದ್ದಿಲು ಹಿಡಿಯಲಿ. ಇದ್ದಿಲಿನ ಗೆರೆ ಗಾಳಿಗೆ ಅಳಿಸುವುದರಿಂದ ಪ್ರತಿ ಹಾಳೆಗೂ ಅಲ್ಲೇ ಗೆರೆ ಹಿಡಿದಿಡುವ ದ್ರವ, ಫಿಕ್ಸೆಟಿವ್ ಸಿಂಪಡಿಸಬೇಕು. ಆ ಡಬ್ಬಿ ವಿಮಾನದಲ್ಲಿ ಹೋಗುವುದಿಲ್ಲ, ಜೋಧ್‌ಪುರದಲ್ಲಿ ಕೊಳ್ಳಿ. ಹೊರಡುವಾಗ ಅಕ್ರಿಲಿಕ್ ಹಲಗೆ, ನೀರಿನ ಕ್ಯಾನ್, ಮೇಜಿನ ದೀಪಗಳನ್ನು ಒಂದು ಟ್ರಂಕಿನಲ್ಲಿ ಹಾಕಿ ಮನೆಯವರಲ್ಲೇ ಬಿಟ್ಟು ಬನ್ನಿ. ಬ್ಯಾಟರಿಗಳನ್ನು ಮಾತ್ರ ಹೊರಗೆ ತೆಗೆಯಿರಿ. ಬೇಸಿಗೆಯಲ್ಲಿ ಆ ಕೋಣೆ ಕಾಯ್ದು ಅವು ಸೋರುತ್ತವೆ.