1927ರ ಸಿನಿಮಾ ಸಂಜೆ: ಓಟದ ವೇಗ, ಚೌಕಟ್ಟು, ಶಬ್ದ ಮೂರನ್ನೂ ಮೊದಲೇ ನೋಡಿಕೊಳ್ಳಿ

ಸಿನಿಮಾದ ದಿಕ್ಕು ಬದಲಿಸಿದ ವರ್ಷಗಳ ಸರಣಿ ಶುರು ಮಾಡ್ತಿದ್ದೇವೆ, ಮೊದಲ ಸಂಜೆ 1927, ಒಂದು ಮೂಕಿ ಒಂದು ಟಾಕಿ ಹಾಕಬೇಕು, 16 ಎಂಎಂ ಪ್ರೊಜೆಕ್ಟರೂ ಲ್ಯಾಪ್‌ಟಾಪೂ ಇವೆ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಒಳ್ಳೆಯ ಕೆಲಸ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆಯ್ಕೆಯ ಮಾತು. 1927 ಅನ್ನು ಒಂಟಿಯಾಗಿ ತೋರಿಸಬೇಡಿ. 1926ರ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಕಂಪನಿಯ ‘ಡಾನ್ ಜುವಾನ್’ ಬಂತು. ಅದರಲ್ಲಿ ಸಂಗೀತ, ಸದ್ದು ಇದ್ದವು, ಮಾತಿರಲಿಲ್ಲ. 1927ರ ಸೆಪ್ಟೆಂಬರ್ 23ಕ್ಕೆ ಫಾಕ್ಸ್ ಕಂಪನಿಯ ಮೂಕಿ ‘ಸನ್‌ರೈಸ್’, ಅಕ್ಟೋಬರ್ 6ಕ್ಕೆ ‘ದಿ ಜಾಝ್ ಸಿಂಗರ್’. ಪೂರ್ತಿ ಮಾತಿನ ಮೊದಲ ಕಥಾಚಿತ್ರ ‘ಲೈಟ್ಸ್ ಆಫ್ ನ್ಯೂಯಾರ್ಕ್’ ಬಂದದ್ದು 1928ರ ಜುಲೈನಲ್ಲಿ. ನನ್ನನ್ನು ಕೇಳಿದರೆ ‘ಸನ್‌ರೈಸ್’ ಮತ್ತು ‘ಜಾಝ್ ಸಿಂಗರ್’ ಜೋಡಿಯನ್ನೇ ಹಾಕಿ. ಎರಡು ವಾರದ ಅಂತರದಲ್ಲಿ ಬಂದ ಎರಡು ಚಿತ್ರ, ಶಬ್ದಕ್ಕೆ ಎರಡು ಬೇರೆ ಬೇರೆ ದಾರಿ. ‘ಜಾಝ್ ಸಿಂಗರ್’ನ ಬಹುಪಾಲು ಕಥೆ ಬರಹದ ಫಲಕಗಳಲ್ಲೇ ಸಾಗುತ್ತದೆ, ಹಾಡುಗಳ ಜೊತೆ ಮಾತು ಸ್ವಲ್ಪವೇ. ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ಭಾಗವೂ ಇದೆ. ಇವೆರಡನ್ನೂ ಆರಂಭದಲ್ಲೇ ಪ್ರೇಕ್ಷಕರಿಗೆ ಹೇಳಿಬಿಡಿ.

‘ಜಾಝ್ ಸಿಂಗರ್’ ಬಳಸಿದ್ದು ವಿಟಾಫೋನ್ ಪದ್ಧತಿ. ಶಬ್ದ ಫಿಲ್ಮಿನ ಮೇಲಿರಲಿಲ್ಲ, ಗ್ರಾಮಫೋನಿನದ್ದರಂಥ 16 ಇಂಚಿನ ತಟ್ಟೆಯ ಮೇಲಿತ್ತು. ನಿಮಿಷಕ್ಕೆ 33⅓ ಸುತ್ತು, ಮುಳ್ಳು ಒಳಗಿನಿಂದ ಹೊರಕ್ಕೆ ಬರುತ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ: 1000 ಅಡಿ ಫಿಲ್ಮು, ಸೆಕೆಂಡಿಗೆ 24 ಫ್ರೇಮಿನಂತೆ ಸುಮಾರು 11 ನಿಮಿಷ. ಪ್ರೊಜೆಕ್ಟರನ್ನೂ ತಟ್ಟೆಯನ್ನೂ ಒಂದೇ ಮೋಟಾರು ತಿರುಗಿಸುತ್ತಿತ್ತು. ಆಪರೇಟರು ಗುರುತು ಹಾಕಿದ ಫ್ರೇಮನ್ನು ಗೇಟಿಗೂ (ಫಿಲ್ಮು ಬೆಳಕಿನೆದುರು ನಿಲ್ಲುವ ಕಿಂಡಿ), ಮುಳ್ಳನ್ನು ತಟ್ಟೆಯ ಮೇಲಿನ ಬಾಣದ ಗುರುತಿಗೂ ಕೂರಿಸಿ ಶುರು ಮಾಡಬೇಕು. ಉಕ್ಕಿನ ಮುಳ್ಳು ಒಂದೇ ಸಲಕ್ಕೆ. ತಟ್ಟೆ ಸುಮಾರು 20 ಆಟಕ್ಕೆ ಸವೆದುಹೋಗುತ್ತಿತ್ತು, ಎಣಿಕೆಗೆಂದೇ ಲೇಬಲಿನ ಮೇಲೆ ಚೌಕಗಳಿದ್ದವು. ದೊಡ್ಡ ತಾಪತ್ರಯ ಫಿಲ್ಮು ಹರಿದಾಗ. 12 ಫ್ರೇಮು, ಅಂದರೆ ಥಿಯೇಟರಿನ 35 ಎಂಎಂ ಫಿಲ್ಮಿನಲ್ಲಿ 9 ಇಂಚು, ಕತ್ತರಿಸಿ ಅಂಟಿಸಿದರೆ ಅಲ್ಲಿಂದ ಆ ರೀಲು ಮುಗಿಯುವವರೆಗೆ ತುಟಿ ಅರ್ಧ ಸೆಕೆಂಡು ಮುಂದೆ ಓಡುತ್ತದೆ. ಕಳೆದಷ್ಟೇ ಕಪ್ಪು ಫ್ರೇಮು ಸೇರಿಸಿದರೆ ಮಾತ್ರ ಸರಿಹೋಗುತ್ತದೆ. ‘ಸನ್‌ರೈಸ್’ನಲ್ಲಿ ಸಂಗೀತ ಫಿಲ್ಮಿನ ಅಂಚಿನಲ್ಲೇ ಬೆಳಕಿನ ಪಟ್ಟಿಯಾಗಿ ಅಚ್ಚಾಗಿತ್ತು. ಅಲ್ಲಿ ಚಿತ್ರ ಹೋದರೆ ಶಬ್ದವೂ ಅಷ್ಟೇ ಹೋಗುತ್ತದೆ, ಮುಂದಿನದು ಕೆಡುವುದಿಲ್ಲ. ಕೆಲವೇ ವರ್ಷಗಳಲ್ಲಿ ತಟ್ಟೆ ಮೂಲೆ ಸೇರಿ ಪಟ್ಟಿ ಗೆದ್ದದ್ದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ವೇಗ. ಎಲ್ಲರೂ ಎಡವುವುದು ಇಲ್ಲೇ. ಮೂಕಿ ಅಂದರೆ ಸೆಕೆಂಡಿಗೆ 16 ಫ್ರೇಮು ಅಂತ ಕಣ್ಣುಮುಚ್ಚಿ ಹಾಕಬೇಡಿ. 1920ರ ದಶಕದ ಕೊನೆಗೆ ಅನೇಕ ಮೂಕಿಗಳು 22, 24ರಲ್ಲೇ ಓಡುತ್ತಿದ್ದವು. ‘ಸನ್‌ರೈಸ್’ ಅಂತೂ ಶಬ್ದಪಟ್ಟಿಯೊಂದಿಗೇ ಬಂದದ್ದು, 24ಕ್ಕಿಂತ ಇಳಿಸಲೇಬೇಡಿ. ಚಿತ್ರದ ವೇಗ ಸ್ವಲ್ಪ ಏರಿಳಿದರೆ ಕಣ್ಣು ತಡೆದುಕೊಳ್ಳುತ್ತದೆ, ಸ್ವರ ಏರಿಳಿದರೆ ಕಿವಿ ತಡೆಯುವುದಿಲ್ಲ. ಟಾಕಿ ಬಂದ ಮೇಲೆ ಒಂದೇ ವೇಗಕ್ಕೆ ಕಟ್ಟುಬಿದ್ದದ್ದು ಅದಕ್ಕೇ. ಜೊತೆಗೆ 1910ರ ದಶಕದ ಕಿರುಚಿತ್ರ ಹಾಕುವುದಾದರೆ ಫೈಲನ್ನು ಪರೀಕ್ಷಿಸಿ. 18ರಲ್ಲಿ ತೆಗೆದದ್ದನ್ನು ಹಾಗೇ 24ಕ್ಕೆ ಏರಿಸಿದ್ದರೆ ಜನ ಪುಟಪುಟ ಓಡಾಡುತ್ತಾರೆ. ನಟರನ್ನು ನೋಡಿ ತೀರ್ಮಾನಿಸಬೇಡಿ, ಸುರಿಯುವ ನೀರು, ಕೆಳಗೆ ಬೀಳುವ ಬಟ್ಟೆ ನೋಡಿ. ಲ್ಯಾಪ್‌ಟಾಪಿನ ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಸರಿಯಾಗುತ್ತದೆ. ಆಗ ಫೈಲಿನ ಸಂಗೀತವೂ ಎಳೆದಾಡುತ್ತದೆ, ಅದನ್ನು ಮ್ಯೂಟ್ ಮಾಡಿ ಬೇರೆ ಸಂಗೀತ ಹಾಕಿ.

16 ಎಂಎಂ ಬಳಸುವುದಾದರೆ ಮೊದಲು ಪ್ರಿಂಟಿನ ಅಂಚು ನೋಡಿ. ಎರಡೂ ಕಡೆ ತೂತಿದ್ದರೆ ಸಾಮಾನ್ಯವಾಗಿ ಮೂಕಿ ಪ್ರಿಂಟು. ಒಂದೇ ಕಡೆ ತೂತಿದ್ದು ಇನ್ನೊಂದು ಕಡೆ ಪಟ್ಟಿ ಇದ್ದರೆ ಶಬ್ದದ್ದು. ಇದನ್ನು ಹಳೆಯ ಮೂಕಿ ಪ್ರೊಜೆಕ್ಟರಿಗೆ ಏರಿಸಿದರೆ ಎರಡನೇ ಸಾಲಿನ ಹಲ್ಲುಗಳು ಶಬ್ದಪಟ್ಟಿಯ ಮೇಲೇ ತೂತು ಹೊಡೆಯುತ್ತವೆ, ಆ ಪ್ರಿಂಟು ಮತ್ತೆ ಸರಿಯಾಗುವುದಿಲ್ಲ. 16 ಎಂಎಂನಲ್ಲಿ ಶಬ್ದ ಚಿತ್ರಕ್ಕಿಂತ 26 ಫ್ರೇಮು ಮುಂದಿರುತ್ತದೆ. ಗೇಟಿನ ಕೆಳಗಿನ ಲೂಪು (ಫಿಲ್ಮನ್ನು ಸಡಿಲವಾಗಿ ಬಿಟ್ಟ ಬಳುಕು) ದೊಡ್ಡದೋ ಚಿಕ್ಕದೋ ಆದರೆ ಮಾತು ತುಟಿಗೆ ಕೂಡುವುದಿಲ್ಲ, ಹಾಗಾಗಿ ಯಂತ್ರದ ಮೇಲಿನ ಲೂಪಿನ ಗುರುತಿಗೇ ಕೂರಿಸಿ. 16 ಫ್ರೇಮಿನಲ್ಲಿ ಓಡಿಸುವಾಗ ಬೆಳಕನ್ನು ತಡೆದು ಬಿಡುವ ಶಟರಿಗೆ ಎರಡೇ ರೆಕ್ಕೆ ಇದ್ದರೆ ಸೆಕೆಂಡಿಗೆ 32 ಸಲ ಮಾತ್ರ ಬೆಳಕು ಬಿದ್ದು ಪರದೆ ಪಟಪಟ ಮಿನುಗುತ್ತದೆ. ಮೂರು ರೆಕ್ಕೆಯದ್ದು ಬೇಕು.

ಚೌಕಟ್ಟಿನ ವಿಷಯ. ಅಗಲವನ್ನು ಎತ್ತರದಿಂದ ಭಾಗಿಸಿದರೆ ಮೂಕಿಯದ್ದು 1.33. ಶಬ್ದಪಟ್ಟಿ ಚಿತ್ರದ ಎಡಗಡೆ ಜಾಗ ತಿಂದದ್ದರಿಂದ ಆಗಿನ ಪಟ್ಟಿ ಚಿತ್ರಗಳು ಸುಮಾರು 1.19, ಹೆಚ್ಚುಕಡಿಮೆ ಚೌಕ. 1932ರಲ್ಲಿ 1.37 ನಿಗದಿಯಾಯಿತು. ಹಳೆಯ ಮೂಕಿಗೆ ಆಮೇಲೆ ಶಬ್ದ ಸೇರಿಸಿ ತೆಗೆದ ಪ್ರಿಂಟಾದರೆ ಬರಹದ ಫಲಕದಲ್ಲಿ ಸಾಲುಗಳ ಮೊದಲ ಅಕ್ಷರ ಕತ್ತರಿಸಿ ಹೋಗಿರುತ್ತದೆ, ಅಲ್ಲೇ ಪತ್ತೆ ಹಚ್ಚಬಹುದು. ಡಿಜಿಟಲ್ ಪ್ರೊಜೆಕ್ಟರಿನಲ್ಲಿ ಜೂಮ್, ಸ್ಟ್ರೆಚ್ ಎರಡನ್ನೂ ಆಫ್ ಮಾಡಿ. ಪಕ್ಕದಲ್ಲಿ ಕಪ್ಪು ಉಳಿಯಲಿ, ತಲೆ ಕತ್ತರಿಸುವುದು ಬೇಡ.

ಚರ್ಚೆಗೆ ಒಂದು ಎಳೆ ಕೊಡುತ್ತೇನೆ. ಸದ್ದು ಮಾಡುವ ಕ್ಯಾಮೆರಾವನ್ನು ಗಾಜಿನ ಕಿಟಕಿಯ ಗೂಡಿನಲ್ಲಿ ಕೂರಿಸಿದ್ದರಿಂದ 1928–29ರ ಬಹಳ ಟಾಕಿಗಳಲ್ಲಿ ಅದು ಅಲ್ಲಾಡುವುದೇ ಇಲ್ಲ. ಗುಂಯ್‌ಗುಟ್ಟುವ ಆರ್ಕ್ ದೀಪ ಬಿಟ್ಟು ಟಂಗ್‌ಸ್ಟನ್ ಬಲ್ಬಿಗೆ ಹೋದರು. ಅದರ ಬೆಳಕಿನಲ್ಲಿ ಕೆಂಪು ಹೆಚ್ಚು, ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮು ಕೆಂಪನ್ನು ಕಾಣದು. ಹೀಗಾಗಿ ಕೆಂಪೂ ಸೇರಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನ ಬಳಕೆ ಇನ್ನಷ್ಟು ಹೆಚ್ಚಿತು. ‘ಸನ್‌ರೈಸ್’ನ ಓಡಾಡುವ ಕ್ಯಾಮೆರಾ ನೋಡಿದ ಮೇಲೆ ಒಂದು 1929ರ ಟಾಕಿಯ ಹತ್ತು ನಿಮಿಷ ತೋರಿಸಿ, ಏನು ಕಳೆದುಕೊಂಡೆವು ಅನ್ನುವುದು ತಾನಾಗಿ ತಿಳಿಯುತ್ತದೆ.

ನಮ್ಮ ಕಡೆಯ ಚಿತ್ರ ಸೇರಿಸಬೇಕು ಅಂದಿದ್ದೀರಿ. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ತೆರೆಕಂಡ ‘ಆಲಂ ಆರಾ’ ಆಗಲಿ, 1934ರ ಮಾರ್ಚ್ 3ರಂದು ಬಂದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಆಗಲಿ ಉಳಿದಿಲ್ಲ. ಕರಪತ್ರದಲ್ಲಿ ಪ್ರದರ್ಶನ ಅಂತ ಹಾಕಬೇಡಿ, ಸ್ಥಿರಚಿತ್ರಗಳನ್ನು ತೋರಿಸಿ ಮಾತಾಡಿ. ವೈ.ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನ’ದ ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ನಡೆಯಿತು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗಭೂಮಿಯ ಕಲಾವಿದರು ಅಲ್ಲಿಗೇ ಹೋಗಿ ನಟಿಸಿದರು.

ಹಕ್ಕಿನ ಪ್ರಶ್ನೆಗೆ: ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಪ್ರಕಟವಾಗಿ 60 ವರ್ಷ. 1927ರ ಚಿತ್ರಕ್ಕೆ ಅದು ಮುಗಿದಿದೆ, ಆದರೆ ಈಚೆಗೆ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕು ಇರುತ್ತದೆ. ಡಿವಿಡಿ ಕವಚದ ಹಿಂಬದಿ ನೋಡಿ, ಹೊಸ ಸಂಗೀತಗಾರರ ಹೆಸರಿದ್ದರೆ ಅವರ ಅನುಮತಿ ಕೇಳಿ.