ಬೂಷ್ಟು ಹಿಡಿದ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ? ಚಿತ್ರ ಸರಿಯಾಗುತ್ತಾ?

ಪೆರ್ಲದ ಕಡೆಯ ಮನೆ, 90ರ ದಶಕದ ಯಕ್ಷಗಾನದ ಕ್ಯಾಸೆಟ್‌ಗಳು, ಒಳಗೆ ಬಿಳಿ ಬೂಷ್ಟು. ಹಾಕಿದರೆ ಚಿತ್ರದ ಮೇಲ್ಭಾಗ ಸೊಟ್ಟಗಾಗುತ್ತದೆ, ಕೆಂಪು ಬಣ್ಣ ಹರಡಿಕೊಳ್ಳುತ್ತದೆ. ಇದನ್ನೆಲ್ಲ ಎಐ ಸಾಫ್ಟ್‌ವೇರಿಗೆ ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ನಮ್ಮ ಮನೆಯದ್ದು, ನೆಂಟರದ್ದು ಅಂತ ಸುಮಾರು ಕ್ಯಾಸೆಟ್ ಇಳಿಸಿದ್ದೇನೆ, ಹೆಚ್ಚಿನವು ಆಟದ್ದೇ (ಯಕ್ಷಗಾನಕ್ಕೆ ನಮ್ಮಲ್ಲಿ ಆಟ ಅಂತಲೇ ಹೇಳುವುದು). ನನಗೆ ಗೊತ್ತಾದದ್ದು ಇಷ್ಟು: ಚಿತ್ರ ಚೆಂದ ಆಗುವುದು ವಿಸಿಆರ್‌ನಲ್ಲಿ. ಅಲ್ಲಿ ಕಳೆದುಹೋದದ್ದನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಹಾಗಾಗಿ ಎಐ ಮಾತು ಕೊನೆಗೆ ಇರಲಿ.

ಮೊದಲು, ಬೂಷ್ಟು ಇರುವ ಕ್ಯಾಸೆಟ್ಟನ್ನು ಇನ್ನು ವಿಸಿಆರ್‌ಗೆ ಹಾಕಲೇಬೇಡಿ. ಆ ಪುಡಿ ಹೆಡ್‌ಗೆ (ವಿಸಿಆರ್‌ನೊಳಗೆ ಟೇಪನ್ನು ಓದುವ ಭಾಗ) ಮೆತ್ತಿಕೊಳ್ಳುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ದಾಟುತ್ತದೆ. ಟೇಪ್ ಅಂಟಿಕೊಂಡಿದ್ದರೆ ಹರಿದೇ ಹೋಗಬಹುದು. ನಮ್ಮೂರಿನ ಮಳೆಗಾಲಕ್ಕೆ ಕಪಾಟಿನೊಳಗೆ ಇಟ್ಟದ್ದೂ ಬೂಷ್ಟು ಹಿಡಿಯುತ್ತದೆ, ಅದು ನಿಮ್ಮ ತಪ್ಪಲ್ಲ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ವಾರ ಇಟ್ಟು ಒಣಗಿಸಿ. ಬಿಸಿಲಿಗೆ ಮಾತ್ರ ಇಡಬೇಡಿ. ಕೆಲಸ ಶುರುಮಾಡುವುದು ಡಿಸೆಂಬರ್ ನಂತರವಾದರೆ ಒಳ್ಳೆಯದು, ಹವೆಯೂ ಒಣಗಿರುತ್ತದೆ.

ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಕೂತು ಕ್ಯಾಸೆಟ್ ಬಿಚ್ಚಿ. ಹಿಂಬದಿಯಲ್ಲಿ 5 ಸ್ಕ್ರೂ ಇರುತ್ತವೆ. ಬಿಚ್ಚುವ ಮೊದಲು ಟೇಪ್ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಒಂದು ಫೋಟೋ ತೆಗೆದುಕೊಳ್ಳಿ. ಸುರುಳಿಯ ಅಂಚಿನ ಬೂಷ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನಯವಾದ ಬಟ್ಟೆಯಲ್ಲಿ ಒರೆಸಿ. ನೀರು ಬೇಡ. ಹಳೇ ಕ್ಯಾಸೆಟ್ಟಿನ ಡಬ್ಬಿಯೊಳಗೂ ಬೂಷ್ಟು ಕೂತಿರುತ್ತದೆ. ಆದ್ದರಿಂದ ಎರಡೂ ಸುರುಳಿಗಳನ್ನು ಬೇರೆ ಕ್ಲೀನ್ ಕ್ಯಾಸೆಟ್ಟಿನ ಡಬ್ಬಿಗೆ ಸೇರಿಸಿಬಿಡಿ. ಬೇಡದ ಕ್ಯಾಸೆಟ್ ಎಲ್ಲರ ಮನೆಯಲ್ಲೂ ಒಂದೆರಡು ಇರುತ್ತದೆ ಅಲ್ವಾ? ಜೋಡಿಸಿದ ಮೇಲೆ ಅಂಚಿನಲ್ಲಿರುವ ರೆಕಾರ್ಡ್ ತಡೆಯುವ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಡಿ. ಆಗ ಕೈತಪ್ಪಿ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ.

ವಿಸಿಆರ್ ವಿಷಯ. ಹೊಸದು ಸಿಗುವುದಿಲ್ಲ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ಆದರೆ ನಮ್ಮ ಜಿಲ್ಲೆಯಲ್ಲಿ ಗಲ್ಫ್‌ನಿಂದ ಬಂದ ಒಳ್ಳೊಳ್ಳೆಯ ಮೆಷಿನ್‌ಗಳು ಅಟ್ಟದಲ್ಲಿ ಇನ್ನೂ ಇವೆ, ವಿಚಾರಿಸಿ ನೋಡಿ. ಹೆಡ್ ಕ್ಲೀನ್ ಮಾಡುವಾಗ ಇಯರ್‌ಬಡ್ ಬೇಡ, ನೂಲು ಸಿಕ್ಕಿಕೊಂಡು ಹೆಡ್ ಮುರಿಯುತ್ತದೆ. ಬಿಳಿ ಕಾಗದದ ಪಟ್ಟಿಗೆ ಆಲ್ಕೋಹಾಲ್ ತಾಗಿಸಿ, ಹೆಡ್ ಕೂರಿಸಿದ ದುಂಡಗಿನ ಡ್ರಮ್ಮಿಗೆ ಮೆತ್ತಗೆ ಒತ್ತಿ ಹಿಡಿಯಿರಿ. ಕಾಗದ ಅಲ್ಲಾಡಬಾರದು. ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೇಲಿನಿಂದ ನಿಧಾನ ತಿರುಗಿಸಿ. ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ, ಅದೇ ಕೊಳೆ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಹೋಯಿತು ಅಂತಲೇ ಲೆಕ್ಕ.

ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ವಾಪಸ್ ಸುತ್ತಿ, ಆಮೇಲೆ ಪ್ಲೇ ಮಾಡಿ. ಅಡ್ಡಕ್ಕೆ ಬಿಳಿ ಪಟ್ಟಿ ಬಂದರೆ ಆಟೋ ಟ್ರ್ಯಾಕಿಂಗ್ (ಹೆಡ್ ಟೇಪಿನ ಮೇಲೆ ಸರಿಯಾಗಿ ಕೂರುವಂತೆ ವಿಸಿಆರ್ ತಾನೇ ಹೊಂದಿಸುವುದು) ನಂಬಬೇಡಿ, ಕೈಯಲ್ಲೇ ಹೊಂದಿಸಿ. ಪ್ರತಿ ಕ್ಯಾಸೆಟ್‌ಗೂ ಅದು ಬೇರೆಯೇ ಇರುತ್ತದೆ.

ಮೇಲ್ಭಾಗ ಸೊಟ್ಟಗಾಗುವುದಕ್ಕೆ ಕಾರಣ ಬೇರೆ. ಹಳೇ ಟೇಪಿನಿಂದ ಚಿತ್ರದ ಒಂದೊಂದು ಗೆರೆಯೂ ಸ್ವಲ್ಪ ಬೇಗ ಅಥವಾ ತಡವಾಗಿ ಹೊರಬರುತ್ತದೆ. ಅದನ್ನು ನೆಟ್ಟಗೆ ಮಾಡುವುದು ಟೈಮ್ ಬೇಸ್ ಕರೆಕ್ಟರ್ ಅನ್ನುವ ಉಪಕರಣ. ಅದು ತುಂಬ ದುಬಾರಿ. ಹಳೇ ಡಿವಿಡಿ ರೆಕಾರ್ಡರ್ ಸಿಕ್ಕಿದರೆ ಸಾಕು. ಪ್ಯಾನಸೋನಿಕ್ ಇಎಸ್10, ಇಎಸ್15 ಈ ಕೆಲಸಕ್ಕೇ ಹೆಸರುವಾಸಿ. ಡಿಸ್ಕಿಗೆ ರೆಕಾರ್ಡ್ ಮಾಡುವುದಲ್ಲ, ಸುಮ್ನೆ ವಿಸಿಆರ್ ಮತ್ತು ಕಂಪ್ಯೂಟರಿನ ಮಧ್ಯೆ ಸೇರಿಸಿದರಾಯಿತು. ಸೊಟ್ಟ ಹೆಚ್ಚಿನಂಶ ಹೋಗುತ್ತದೆ.

ಕ್ಯಾಪ್ಚರ್‌ಗೆ, ಅಂದರೆ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು, ವರ್ಚುವಲ್‌ಡಬ್ ಸಾಫ್ಟ್‌ವೇರ್ ಬಳಸಿ. 720 ಬೈ 576, ಸೆಕೆಂಡಿಗೆ 25 ಫ್ರೇಮ್, ಹಫ್‌ವೈಯುವಿ ಕೋಡೆಕ್ (ಚಿತ್ರದ ಗುಣ ಕೆಡದ ಹಾಗೆ ಫೈಲ್ ಉಳಿಸುವ ವಿಧಾನ). ಗಂಟೆಗೆ ಸುಮಾರು 35 ಜಿಬಿ ಬೇಕಾಗುತ್ತದೆ, ಗಾಬರಿಯಾಗಬೇಡಿ, ಎಡಿಟ್ ಮುಗಿದ ಮೇಲೆ ಚಿಕ್ಕದು ಮಾಡಬಹುದು. ಟ್ಯೂಬ್‌ಲೈಟಿನ ಬೆಳಕು, ಭಾಗವತರ ಬಿಳಿ ಪಂಚೆ ಬರುವ ಜಾಗವನ್ನು ಮೊದಲೇ ಹಾಕಿ ನೋಡಿ. ಪಂಚೆಯ ನೆರಿಗೆ ಕಾಣದಷ್ಟು ಬೆಳ್ಳಗಾಗಿದ್ದರೆ ಕ್ಯಾಪ್ಚರ್ ಸೆಟ್ಟಿಂಗ್‌ನಲ್ಲೇ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿ. ಒಮ್ಮೆ ಸುಟ್ಟುಹೋದ ಬಿಳಿ ಆಮೇಲೆ ಬರುವುದಿಲ್ಲ. ಕ್ಯಾಪ್ಚರ್ ಆಗುವಾಗ ಕರೆಂಟು ಹೋಗಿ ಇನ್ವರ್ಟರ್‌ಗೆ ಬಂದರೆ ಕೆಲವೊಮ್ಮೆ ಚಿತ್ರದಲ್ಲಿ ಪಟ್ಟಿ, ಸೌಂಡ್‌ನಲ್ಲಿ ಗುಂಯ್ ಅಂತ ಸದ್ದು ಸೇರುತ್ತದೆ. ಅಂಥ ಜಾಗವನ್ನು ಮತ್ತೆ ಇಳಿಸಿಕೊಳ್ಳಿ.

ಆಟದ ಕ್ಯಾಸೆಟ್ ಇರುವವರು ಮುಖ್ಯವಾಗಿ ನೋಡಬೇಕಾದದ್ದು ಧಿಗಿಣ, ಅಂದರೆ ವೇಷ ರಭಸದಿಂದ ಹಾರಿ ಸುತ್ತುವುದು. ವಿಎಚ್‌ಎಸ್‌ನ ಪ್ರತಿ ಫ್ರೇಮ್‌ನಲ್ಲಿ ಎರಡು ಅರ್ಧ ಚಿತ್ರಗಳಿರುತ್ತವೆ, ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಅಂದರೆ ಸೆಕೆಂಡಿಗೆ 50 ಕ್ಷಣ ಸಿಗುತ್ತವೆ. ಕಂಪ್ಯೂಟರಿನಲ್ಲಿ ಹಾಗೇ ನೋಡಿದರೆ, ವೇಷ ತಿರುಗುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಹೆಚ್ಚಿನ ಸ್ಟುಡಿಯೋದವರು ಅರ್ಧ ಚಿತ್ರ ಬಿಸಾಡಿ 25 ಫ್ರೇಮ್ ಮಾಡಿ ಕೊಡುತ್ತಾರೆ. ಬಾಚಣಿಗೆ ಹೋಗುತ್ತದೆ, ಆದರೆ ಧಿಗಿಣದ ರಭಸವೂ ಹೋಗುತ್ತದೆ, ವೇಷಧಾರಿ ತಡೆದು ತಡೆದು ತಿರುಗಿದ ಹಾಗಾಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಕ್ಯೂಟಿಜಿಎಂಸಿ ಅನ್ನುವ ಉಚಿತ ಫಿಲ್ಟರ್ ಇದೆ, ಹೈಬ್ರಿಡ್ ಸಾಫ್ಟ್‌ವೇರ್‌ನಲ್ಲಿ ಸುಲಭವಾಗಿ ಬಳಸಬಹುದು. ಅದರಲ್ಲಿ 50 ಫ್ರೇಮ್ ಮಾಡಿಸಿ. ಒಂದು ಸುತ್ತು ನೋಡಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಕೆಂಪು ಹರಡುವುದು ವಿಎಚ್‌ಎಸ್‌ನ ಹುಟ್ಟುಗುಣ. ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ ಬೆಳಕು ನೆರಳಿಗೆ ಸಿಕ್ಕಿದರೆ, ಬಣ್ಣಕ್ಕೆ ಸಿಗುವುದು 40ರ ಆಸುಪಾಸು. ಕಾಪಿಯ ಕಾಪಿ ಆದ ಹಾಗೆ ಬಣ್ಣ ಬಲಕ್ಕೆ, ಕೆಳಕ್ಕೆ ಜಾರುತ್ತದೆ. ಎಡಿಟ್ ಮಾಡುವಾಗ ಬಣ್ಣದ ಪದರವನ್ನು ಮಾತ್ರ ಎರಡು ಮೂರು ಪಿಕ್ಸೆಲ್ ಎಡಕ್ಕೆ, ಮೇಲಕ್ಕೆ ಸರಿಸಿ. ಕಿರೀಟದ ಕೆಂಪು ಕಿರೀಟದ ಮೇಲೆಯೇ ಬಂದು ಕೂರುತ್ತದೆ. ಹರಡಿದ್ದು ಪೂರ್ತಿ ಹೋಗುವುದಿಲ್ಲ. ನಿಮ್ಮ ಹತ್ತಿರ ಇರುವುದೇ ಕಾಪಿಯಾಗಿದ್ದರೆ ಮೂಲ ಕ್ಯಾಸೆಟ್ ಯಾರ ಹತ್ತಿರ ಇದೆ ಅಂತ ಹುಡುಕಿ. ಆಗ ಒಂದು ಕಾಪಿ ಮುಂಬೈಗೋ ದುಬೈಗೋ ಕಳಿಸುವ ರೂಢಿ ಇತ್ತು. ಎಷ್ಟೋ ಸಲ ಒಳ್ಳೆಯದನ್ನೇ ಅಲ್ಲಿಗೆ ಕಳಿಸಿ, ಮನೆಯಲ್ಲಿ ಕಾಪಿ ಉಳಿಸಿಕೊಂಡಿರುತ್ತಾರೆ.

ಸೌಂಡ್ ಬಗ್ಗೆ ಒಂದೇ ಮಾತು. ಸುಯ್ ಅನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಅದರ ಜೊತೆ ಜಾಗಟೆಯ ಗುಂಗೂ ಹೋಗುತ್ತದೆ.

ಈಗ ಎಐ. ಮದುವೆ ಕ್ಯಾಸೆಟ್‌ಗಳಲ್ಲಿ ಅದು ಅಜ್ಜಿಯ ಮುಖಕ್ಕೆ ಯಾರದ್ದೋ ಕಣ್ಣು, ಹಲ್ಲು ಜೋಡಿಸಿದ್ದನ್ನು ನೋಡಿದ್ದೇನೆ. ಬಣ್ಣದ ವೇಷದಲ್ಲಿ (ರಾಕ್ಷಸ ಪಾತ್ರಗಳು) ಇನ್ನೂ ಕಷ್ಟ. ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಟ್ಟ ಚುಟ್ಟಿಯ ಚುಕ್ಕಿಗಳನ್ನು ಕಸ ಅಂತ ತಿಳಿದು ಉಜ್ಜಿಬಿಡುತ್ತದೆ. ಫೋನಿನಲ್ಲಿ ಕಳಿಸಲು ಒಂದು ತುಣುಕು ಹಾಗೆ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಏನೂ ತಿದ್ದದ ಮೊದಲ ಕ್ಯಾಪ್ಚರ್ ಫೈಲ್ ಎರಡು ಹಾರ್ಡ್ ಡಿಸ್ಕಿನಲ್ಲಿ ಇರಲಿ, ಒಂದು ಬೇರೆ ಮನೆಯಲ್ಲಿ. ಸ್ಟುಡಿಯೋಗೆ ಕೊಡುವುದಾದರೂ ಎಂಪಿ4 ಜೊತೆ ಆ ಫೈಲ್ ಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಸಂಗ ಯಾವುದು, ಯಾವ ಮೇಳ, ಯಾರ ವೇಷ ಅಂತ ಕೇಳಿ ಪ್ರತಿ ಫೈಲಿನ ಜೊತೆ ಬರೆದಿಡಿ. ಕ್ಯಾಸೆಟ್ ಮೇಲಿನ ಚೀಟಿಯಲ್ಲಿ ಹೆಚ್ಚಾಗಿ 'ಆಟ' ಅಂತ ಮಾತ್ರ ಬರೆದಿರುತ್ತದೆ.